ಮಾವಯ್ಯನ ಮೇಜು, ನನ್ನ ಗೊಂಬೆಯ ಕವಳ

ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡೆ ಅಂದರೆ ಸಾಕು, ಎಡವಟ್ಟು ನನ್ನನ್ನು ಹುಡುಕಿಕೊಂಡು ಬರ್ತದೆ. ನಾನು ಸಾಗರದಲ್ಲಿ ಲೆಕ್ಕದ ಟೀಚರ್. ನಲವತ್ತು ದಾಟಿದ ಮೇಲೆ ಫೋಟೋದ ಹುಚ್ಚು ಹಿಡಿಯಿತು, ಅದರ ಬೆನ್ನಿಗೇ ಕಂಪ್ಯೂಟರಿನಲ್ಲಿ ಗೊಂಬೆ ಕುಣಿಸುವ ಹುಚ್ಚು. ನನ್ನವರಿಗೆ ಖುಷಿಯೇ. ಮಾವಯ್ಯನಿಗೆ ಮಾತ್ರ ಸಿಟ್ಟು. ಕಿಟಕಿ ಪಕ್ಕದ ಅವರ ಬೀಟೆ ಮೇಜಿನ ಮೇಲೆ ನನ್ನ ಕಂಪ್ಯೂಟರ್ ಕೂತುಬಿಟ್ಟಿದೆಯಲ್ಲ!

೧. ಹೊಸನಗರದ ದಾರಿಯಲ್ಲಿ

ಒಂದು ಭಾನುವಾರ ಸ್ಕೂಟರ್ ನಿಲ್ಲಿಸಿ, ರಸ್ತೆ ಬದಿಯ ಹುಲ್ಲಿನಲ್ಲಿ ಬೋರಲು ಮಲಗಿ, ಒಂದು ಹಸಿರು ಹುಳದ ಫೋಟೋ ತೆಗೆಯುತ್ತಿದ್ದೆ. ಹಾರಿಹೋದೀತು ಅಂತ ಉಸಿರು ಬಿಗಿಹಿಡಿದಿದ್ದೆ. ಹಿಂದೆ ಬಸ್ಸು ನಿಂತದ್ದು ಗೊತ್ತೇ ಆಗಲಿಲ್ಲ.

"ಅಯ್ಯೋ ದೇವ್ರೇ, ಫಿಟ್ಸ್ ಬಂದಿದೆ!" ಅಂತ ಒಬ್ಬ ಹೆಂಗಸು ಓಡಿಬಂದು ತನ್ನ ಬೀಗದ ಕೈ ಗೊಂಚಲನ್ನು ನನ್ನ ಮುಷ್ಟಿಗೆ ತುರುಕಿದರು. ಕಬ್ಬಿಣ ಹಿಡಿದರೆ ಫಿಟ್ಸ್ ಬಿಡ್ತದಂತೆ. ಇನ್ನೊಬ್ಬರು ಬಾಟಲಿ ನೀರನ್ನು ತಲೆ ಮೇಲೆ ಸುರಿದೇಬಿಟ್ಟರು. ನಾನು ಧಡಕ್ಕನೆ ಎದ್ದು, "ನಂಗೇನೂ ಆಗಿಲ್ರೀ, ಹುಳದ ಫೋಟೋ ತೆಗೀತಿದ್ದೆ" ಅಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಕಂಡಕ್ಟರ್ ತಲೆ ಅಲ್ಲಾಡಿಸಿ, "ಪಾಪ, ಫಿಟ್ಸೇ ಆಗಿದ್ರೆ ವಾಸಿ ಆಗ್ತಿತ್ತು" ಅಂತ ಸೀಟಿ ಊದಿದ.

೨. ಪುಕ್ಕಟೆ ಸಾಮಾನು

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾವಯ್ಯ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಬಸ್ಸಿನವರೆಲ್ಲ ಅವರ ಕಡೆಯವರೇ.

"ಮೇಜು ಖಾಲಿ ಮಾಡು" ಅಂದರು.

"ಮಾವಯ್ಯಾ, ದುಡ್ಡೇನೂ ಹಾಳಾಗ್ತಿಲ್ಲ. ಈ ಗೊಂಬೆ ಸಾಫ್ಟ್‌ವೇರ್ ಪುಕ್ಕಟೆ. ಎಷ್ಟೋ ಊರಿನೋರು ಸೇರಿ ಮಾಡಿದ್ದು. ಒಳಗೆ ಹೆಂಗಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು."

"ಎಲ್ರೂ ಬಿಚ್ಚೋರೇ ಆದ್ರೆ ಮುಚ್ಚೋರು ಯಾರೇ?"

ಕೊನೆಗೆ ಅತ್ತೆ ನಡುವೆ ಬಂದು ರಾಜಿ ಮಾಡಿಸಿದರು: ಯುಗಾದಿಯೊಳಗೆ ನನ್ನ ಗೊಂಬೆ ಮಾವಯ್ಯನನ್ನು ನಗಿಸಿದರೆ ಮೇಜು ನನಗೆ, ಇಲ್ಲವಾದರೆ ಅವರಿಗೆ. ಆಮೇಲೆ ಅಡುಗೆಮನೆಗೆ ಕರೆದು ಗುಟ್ಟಾಗಿ ಹೇಳಿದರು, "ಮದುವೆಯಾಗಿ ಐವತ್ತು ವರ್ಷ ಆಯ್ತು ಮಾರಾಯ್ತಿ, ನಾನಿನ್ನೂ ಪ್ರಯತ್ನ ಮಾಡ್ತಾನೇ ಇದ್ದೀನಿ."

೩. ತುಟಿಯ ತಾಪತ್ರಯ

ನನ್ನ ಗೊಂಬೆ ಒಬ್ಬ ಮುದುಕ. ಎಲ್ಲಿ ಇಳಿಯಬೇಕು ಅಂತ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳ ಆಡ್ತಾನೆ. ಕೈ ಕಾಲು ಎಲ್ಲ ಸರಿ ಬಂತು. ತುಟಿ ಮಾತ್ರ ಮಾತಿಗೆ ಕೂಡಲಿಲ್ಲ. ಮಾತು ಹೊಸನಗರ ಮುಟ್ಟಿದರೂ ತುಟಿ ಇನ್ನೂ ಸಾಗರದಲ್ಲೇ! ಹಬ್ಬಕ್ಕೆ ಒಂದು ವಾರ ಉಳಿದಿತ್ತು, ನನಗೆ ಅಳುವೇ ಬಂತು.

ಆಗ ಮಾವಯ್ಯ ಬಂದರು. ಬಾಯಿ ತುಂಬ ಎಲೆ ಅಡಿಕೆ ಕವಳ. ರಸ ಚೆಲ್ಲದ ಹಾಗೆ ಗದ್ದ ಮೇಲೆತ್ತಿ, ತುಟಿ ಬಿಚ್ಚದೆ, ಮೇಜು ತೋರಿಸಿ "ಊಂ... ಊಊಂ?" ಅಂದರು. ಯಾವಾಗ ಖಾಲಿ ಮಾಡ್ತೀಯ ಅಂತ ಅರ್ಥ.

ಅಬ್ಬಾ, ಸಿಕ್ಕಿತಲ್ಲ! ಗೊಂಬೆಯ ಬಾಯಿಗೂ ಕವಳ ತುರುಕಿ ಕೆನ್ನೆ ಉಬ್ಬಿಸಿದೆ, ಗದ್ದ ಎತ್ತಿದೆ, ತುಟಿ ಮುಚ್ಚಿದೆ. ನನ್ನವರು ಬಾಯಿ ತುಂಬ ಅವಲಕ್ಕಿ ತುಂಬಿಕೊಂಡು ಧ್ವನಿ ಕೊಟ್ಟರು. ಜಗಳವೆಲ್ಲ ಊಂ ಊಂನಲ್ಲೇ ಮುಗಿಯಿತು.

ಯುಗಾದಿ ಊಟವಾಯಿತು. ಮಾವಯ್ಯ ಕವಳ ಹಾಕಿಕೊಂಡು ಕಂಪ್ಯೂಟರಿನ ಮುಂದೆಯೇ ಕೂತರು. ಗೊಂಬೆ ಬಾಯಿ ತೆರೆಯದೆ ಕೈ ಬೀಸಿ ಜಗಳಕ್ಕೆ ನಿಂತಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವಯ್ಯ ಮಾತ್ರ ನಗಲಿಲ್ಲ. ಮುಖ ಕೆಂಪಾಯಿತು, ಕಣ್ಣು ದೊಡ್ಡದಾಯಿತು. ಇನ್ನೇನು ಮುಗಿಯಬೇಕು ಅನ್ನುವಾಗ ಎದ್ದು ದಡದಡ ಹೊರಗೆ ಹೋದರು.

ಮುಗೀತು, ಮೇಜು ಹೋಯ್ತು ಅಂತ ನಾನು ಕಂಪ್ಯೂಟರಿನ ವಯರು ಕೀಳಲು ಶುರುಮಾಡಿದೆ. ಅಷ್ಟರಲ್ಲಿ ಹಿತ್ತಲಿನಿಂದ ಬಾಳೆಬುಡಕ್ಕೆ "ಥೂ" ಅಂತ ಉಗುಳಿದ ಸದ್ದು. ಅದರ ಹಿಂದೆಯೇ ಹೋ ಹೋ ಹೋ ಅಂತ ನಗು! ಅತ್ತೆ ಗಾಬರಿಯಾಗಿ ಎದ್ದು ನಿಂತರು.

ಮಾವಯ್ಯ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಬಂದರು. "ಮೇಜು ಇಟ್ಕೋ. ಆದ್ರೆ ಅಲ್ವೇ ಮಾರಾಯ್ತಿ, ಆವಾಗಿಂದ ಆ ಮುದುಕನಿಗೆ ಒಂದೇ ಒಂದ್ಸಲ ಉಗುಳೋಕೆ ಬಿಟ್ಟಿಲ್ವಲ್ಲೇ ನೀನು! ಅವನ ಸಂಕಟ ನೋಡೋಕಾಗ್ದೆ ಅವನದ್ದೂ ಸೇರಿಸಿ ನಾನೇ ಉಗುಳಿ ಬಂದೆ."