ಎರಡು ರಾಜ, ಒಂದು ‘ಬುಡಿ’

ಕೆಲವರಿಗೆ ದಾರೀಲಿ ಹಾವು ಅಡ್ಡ ಬರುತ್ತೆ, ಕೆಲವರಿಗೆ ಪೊಲೀಸರು. ನನಗೆ ನನ್ನ ಬಾಯೇ ಅಡ್ಡ ಬರೋದು. ಮದುವೆ ಮನೇಲಿ ಬಂದಿದೆ, ಸಾವಿನ ಮನೇಲೂ ಬಂದಿದೆ, ಈಚೆಗೆ ಪೋಕರ್ ಟೂರ್ನಮೆಂಟಲ್ಲೂ ಬಂತು. ಗಾವಡಗೆರೇಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತೋನಿಗೆ ಪೋಕರ್ ಯಾಕಪ್ಪಾ ಅಂತ ನೀವು ಕೇಳಬೇಡಿ. ಆ ಕೆಲಸ ನಮ್ಮನೆಯವಳು ವಹಿಸ್ಕೊಂಡಿದಾಳೆ.

1. ವಾರ್ನಿಶ್ ಒಣಗೋ ಹೊತ್ತು

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ, ವಾರ್ನಿಶ್ ಹುಯ್ದು ಬಿಸಿಲಿಗಿಟ್ಟರೆ ಒಣಗೋಕೆ ಅರ್ಧ ದಿನ ಬೇಕು. ಬೇರೆ ಗಿರಾಕಿಗಳು ಬೈಕ್ ಹತ್ತಿ ಹುಣಸೂರಿಗೆ ಹೋಗಿ ತಮ್ಮ ಕೆಲಸ ಮುಗಿಸ್ಕೊಂಡು ಬರ್ತಾರೆ. ಕೊಡಗಿನ ಗಡೀಲಿ ಕಾಫಿ ತೋಟ ಇರೋ ಸಾಹೇಬರೊಬ್ಬರು ಮಾತ್ರ ಅಂಗಡಿ ಮುಂದಿನ ಸ್ಟೂಲಲ್ಲೇ ಕೂತು, ಜೇಬಿಂದ ಇಸ್ಪೀಟು ಕಟ್ಟು ತೆಗೆಯೋರು.

“ಇದು ನಿಮ್ಮ ಅಂದರ್ ಬಾಹರ್ ಅಲ್ಲ ಮಾರಾಯ,” ಅಂದರು. “ಕೈಗೆ ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಒಳ್ಳೇ ಎಲೆ ಬಂದವನೇ ಗೆಲ್ಲಬೇಕು ಅಂತೇನಿಲ್ಲ. ನನ್ನ ಹತ್ರ ಒಳ್ಳೇ ಎಲೆ ಇದೆ ಅಂತ ಎದುರಿನವನನ್ನ ನಂಬಿಸಿದವನೂ ಗೆಲ್ತಾನೆ.”

“ಅಂಗಾದ್ರೆ ಇದು ಸೆಕೆಂಡ್‌ಹ್ಯಾಂಡ್ ಮೋಟಾರ್ ವ್ಯಾಪಾರ ಕಣ್ರೀ ಸಾ,” ಅಂದೆ.

ಇನ್ನೊಂದು ಕಟ್ಟುನಿಟ್ಟಿನ ರೂಲ್ ಹೇಳಿದರು. ನಿನ್ನ ಸರದಿ ಬಂದಾಗ ಬಾಯಿಂದ ಬಂದ ಮಾತು ವಾಪಸ್ ಇಲ್ಲ. ಆಡ್ತೀನಿ ಅಂದ್ರೆ ಆಡಲೇಬೇಕು. ಬಿಟ್ಟೆ ಅಂದ್ರೆ ಎಲೆ ಬಿಟ್ಟಂಗೆ, ಅದಕ್ಕೆ ಫೋಲ್ಡ್ ಅಂತಾರೆ. ಆಮೇಲೆ ದನಿ ತಗ್ಗಿಸಿ, ಟೂರ್ನಮೆಂಟಿಗೆ ನೂರಾರು ಜನ ಬರ್ತಾರೆ, ದುಡ್ಡಿನ ಬದಲು ಕೊಡೋ ಬಿಲ್ಲೆ ಖಾಲಿಯಾದವರು ಎದ್ದು ಹೋಗ್ತಾ ಹೋಗ್ತಾ ಕೊನೆಗೆ ಒಂಬತ್ತು ಜನ ಒಂದೇ ಮೇಜಿಗೆ ಕೂರ್ತಾರೆ, ಅದು ಕೊನೇ ಮೇಜು ಅಂದರು.

“ನೀವು ಕೂತಿದೀರಾ ಸಾ?”

“ಇಪ್ಪತ್ತು ವರ್ಷದಿಂದ ಆಡ್ತಿದೀನಿ. ಒಂದ್ಸಲನೂ ಇಲ್ಲ.”

ಅಂಥಾ ಸಾಹೇಬರಿಗೇ ಸಿಗದ ಮೇಜು! ಅವತ್ತಿಂದ ನನ್ನ ಎದೇಲಿ ಒಂದೇ ಆಸೆ ಕೂತುಬಿಡ್ತು, ಸಾಯೋದರೊಳಗೆ ಒಂದ್ಸಲ ಆ ಮೇಜಲ್ಲಿ ಕೂರಬೇಕು. ಸಂಜೆ ಮನೇಲಿ ಹೇಳಿದೆ. ನಮ್ಮನೆಯವಳು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯವಳು, ಸುಲಭಕ್ಕೆ ಬೆರಗಾಗೋಳಲ್ಲ. “ನಮ್ಮ ಮದುವೇಲಿ ಕೊನೇ ಪಂಕ್ತೀಲಿ ಕೂತಿದ್ರಲ್ಲಾ,” ಅಂದಳು, “ಪಾಯಸ ಖಾಲಿಯಾಗಿತ್ತು, ಗ್ಯಾಪ್ಕ ಐತಾ?”

2. ಕಣ್ಣಿಗೊತ್ತಿಕೊಂಡ ಎಲೆ

ಮೊದಲನೇ ಟೂರ್ನಮೆಂಟ್ ಬೆಂಗಳೂರಿನ ಒಂದು ಹೋಟೆಲಲ್ಲಿ. ಹಾಲಿನೊಳಗೆ ಕಾಲಿಟ್ಟೆ, ಅಬ್ಬಬ್ಬಾ! ಅಷ್ಟು ಮೇಜು, ಅಷ್ಟು ಜನ, ಒಬ್ಬರೂ ಕೂಗಾಡ್ತಿಲ್ಲ. ಎಲ್ಲರೂ ಬೆರಳಲ್ಲಿ ಬಿಲ್ಲೆ ಉರುಳಿಸ್ತಾ ಕೂತಿದ್ದರು, ಆ ಕಟಕಟ ಸದ್ದೇ ಹಾಲ್ ತುಂಬಾ. ನಮ್ಮ ಕಡೆ ನಾಲ್ಕು ಜನ ಇಸ್ಪೀಟಿಗೆ ಕೂತರೆ ಪಕ್ಕದ ಊರಿಗೆ ಕೇಳುತ್ತೆ.

ಎಲೆ ಹಂಚೋಕೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದ ಕೈ ನಂದು, ಕೈಕೆಲಸ ಅಂದ್ರೇನು ಅಂತ ನನಗೆ ಗೊತ್ತು. ಆಯಮ್ಮ ಎಲೆ ಕಲಸಿ ತಳ್ಳಿದರೆ ಒಂದೊಂದೂ ಜಾರ್ಕೊಂಡು ಬಂದು ಅವರವರ ಮುಂದೆ ಸರಿಯಾಗಿ ನಿಲ್ತಿತ್ತು. ನೋಡ್ತಾ ನೋಡ್ತಾ ನನ್ನ ಮೈ ಜುಮ್ಮಂತು. ಆ ಭಕ್ತೀಲೇ ನಾನು ಎಡವಟ್ಟು ಮಾಡಿದ್ದು.

ನಮ್ಮಲ್ಲಿ ಹೊಸ ಸ್ಪ್ಯಾನರ್ ಬಂದರೂ ಕಣ್ಣಿಗೊತ್ಕೊಳ್ತೀವಿ, ಬೋಣಿ ನೋಟೂ ಕಣ್ಣಿಗೊತ್ಕೊಳ್ತೀವಿ. ಮೊದಲನೇ ಎರಡು ಎಲೆ ಬಂತು. ಎರಡೂ ಕೈಲಿ ಎತ್ತಿ ಬಲಗಣ್ಣಿಗೆ ಒಂದ್ಸಲ, ಎಡಗಣ್ಣಿಗೆ ಒಂದ್ಸಲ ಒತ್ಕೊಂಡೆ. ಬಿಲ್ಲೆ ಸದ್ದು ನಿಂತುಹೋಯ್ತು. ಎಲೆಯ ಮುಖ ಪೂರ್ತಿ ಆಚೆಗಿತ್ತು.

ಎದುರಿಗೆ ಕೂತಿದ್ದವರು ಬಲು ಮರ್ಯಾದೆಯಿಂದ, “ದರ್ಶನ ಆಯ್ತು ಸರ್, ಕೆಳಗಿಡಿ,” ಅಂದರು.

ಅವತ್ತು ಮಧ್ಯಾಹ್ನದ ಊಟಕ್ಕೆ ಮುಂಚೆನೇ ನಾನು ಆಚೆ. ಸಾಹೇಬರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಯಾವ ಎಲೆ ಬಂದಿತ್ತು ಅಂದರು. ಒಂದು ಏಳು, ಒಂದು ಎರಡು ಅಂದೆ. “ಅಯ್ಯೋ ಮಾರಾಯ, ಅದಕ್ಕಿಂತ ದರಿದ್ರ ಜೋಡಿ ಇಡೀ ಕಟ್ಟಲ್ಲೇ ಇಲ್ಲ! ಅದಕ್ಕೂ ಕೈಮುಗಿದ್ಯಾ?”

3. ಕರಿ ಕನ್ನಡಕ

ಎರಡನೇ ಸಲ ಹೊರಟಾಗ ಸಾಹೇಬರು, “ಕಣ್ಣು ಎಲ್ಲಾ ಹೇಳಿಬಿಡುತ್ತೆ, ಕಪ್ಪು ಕನ್ನಡಕ ಹಾಕ್ಕೋ,” ಅಂದಿದ್ದರು. ಹೊಸದ್ಯಾಕೆ ಅಂತ, ನಮ್ಮವ್ವನಿಗೆ ಪೊರೆ ಆಪರೇಶನ್ ಮಾಡಿಸಿದಾಗ ಕೊಟ್ಟಿದ್ದ ಕನ್ನಡಕ ಬೀರುವಿಂದ ತೆಗೆದು ಹಾಕ್ಕೊಂಡು ಹೋದೆ. ಪಕ್ಕದಲ್ಲೂ ಮುಚ್ಚಿರುತ್ತಲ್ಲ, ಅದು.

ಆ ಸಲ ನನಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು ನೀವು! ಒಬ್ಬರು ಕುರ್ಚಿ ಎಳೆದುಕೊಟ್ಟರು. ಎಲೆ ಹಂಚೋರು ನಡುವೆ ಬಂದ ಎಲೆಗಳನ್ನ ನನಗೋಸ್ಕರ ಜೋರಾಗಿ ಓದಿದರು, “ರಾಣಿ, ಒಂಬತ್ತು, ನಾಲ್ಕು ಸರ್.” ಬಾತ್‌ರೂಮಿಗೆ ಎದ್ದರೆ ಒಬ್ಬ ದೊಡ್ಡ ಮನುಷ್ಯರು ಕೈಹಿಡಿದು ಕರ್ಕೊಂಡು ಹೋದರು. ಇಲ್ಲ ಸಾ, ನನಗೆ ಕಣ್ಣು ಕಾಣುತ್ತೆ ಅನ್ನೋಕೆ ನಾಚಿಕೆಯಾಗಿ ಸುಮ್ಮನೆ ಹೋದೆ.

ನನ್ನನ್ನ ಸೋಲಿಸಿದ್ದು ಒಬ್ಬ ಹುಡುಗಿ. ಕತ್ತಿಗೆ ಹೆಡ್‌ಫೋನು, ಬಾಯಲ್ಲಿ ಚ್ಯೂಯಿಂಗ್ ಗಮ್ಮು. ನಾನು ಒಳ್ಳೇ ಎಲೆ ಹಿಡಿದಾಗೆಲ್ಲ ಜಾಣೆ ಎಲೆ ಬಿಟ್ಟುಬಿಡೋಳು. ನನ್ನ ಹತ್ರ ಏನೂ ಇಲ್ಲದಾಗ ಮಾತ್ರ ಬಂದು ಬಾಚ್ಕೊಂಡು ಹೋಗೋಳು. ಎದ್ದು ಹೊರಡುವಾಗ ತಡೆಯಕ್ಕಾಗಲಿಲ್ಲ, ಹೆಂಗವ್ವಾ ಗೊತ್ತಾಯ್ತು ಅಂತ ಕೇಳೇಬಿಟ್ಟೆ.

“ಎಲೆ ಚೆನ್ನಾಗಿಲ್ಲದಾಗ ಯಾರು ಏನು ಹೇಳಿದರೂ ನೀವು ಸುಮ್ಮನಿರ್ತೀರಿ ಅಂಕಲ್. ಚೆನ್ನಾಗಿದ್ರೆ ಮಾತ್ರ ‘ಅಯ್ಯೋ ಬುಡಿ ಸಾ’ ಅಂತೀರಿ. ನಾಲ್ಕು ಸಲ ನೋಡಿದೆ.”

ಬಿಡಿ ಅನ್ನೋದಕ್ಕೆ ನಮ್ಮ ಕಡೆ ಬುಡಿ ಅಂತೀವಿ. ಅದು ಯಾವಾಗ ಬಾಯಿಂದ ಬರುತ್ತೆ ಅಂತ ನನಗೇ ಗೊತ್ತಿಲ್ಲ. ಇಪ್ಪತ್ನಾಲ್ಕು ವರ್ಷ ಜೊತೇಲಿ ಸಂಸಾರ ಮಾಡಿದ ಹೆಂಡತಿಗೂ ಗೊತ್ತಿಲ್ಲ. ಈ ಮಗು ಒಂದು ಗಂಟೇಲಿ ಕಂಡುಹಿಡಿದಿತ್ತು! ಇನ್ನೊಂದು ಮಾತೂ ಹೇಳ್ತು, “ಅಂಕಲ್, ಆ ಕನ್ನಡಕ ನೀವು ಬಾಯಿಗೆ ಹಾಕ್ಕೋಬೇಕಿತ್ತು.”

4. ಭಾನುವಾರದ ತುಂಡು

ಎರಡು ಸಲ ಬರಿಗೈಲಿ ಬಂದ ಮೇಲೆ ನಮ್ಮನೆಯವಳು ತೀರ್ಪು ಕೊಟ್ಟಳು. “ಇನ್ನೊಂದು ಕಿತ ಓಗ್ಬನ್ನಿ. ಕೊನೇ ಮೇಜಿಗೆ ಕೂತ್ರೆ ಸರಿ. ಕೂರ್ಲಿಲ್ಲಾ ಅಂದ್ರೆ ಇನ್ಮೇಕೆ ಮದುವೆ ಮನೇಲೂ ಎಲೆ ಮುಟ್ಟಂಗಿಲ್ಲ.”

“ಊಟದೆಲೆನಾ?”

“ಇಸ್ಪೀಟೆಲೆ! ನನ್ನ ತಲೆ ಮೇಲೆ ಕೈಯಿಕ್ಕಿ.”

ಇಟ್ಟೆ. ಹದಿನೈದು ವರ್ಷದವನಿದ್ದಾಗಿಂದ ಎಲೆ ಹಿಡಿದವನು ನಾನು. ಅದನ್ನ ಬಿಟ್ಟು ಮದುವೆ ಮನೇಲಿ ನಾನು ಮಾಡೋದಾದರೂ ಏನು?

ಬುಡಿ ಅನ್ನೋದನ್ನ ಬಿಡಿಸೋಕೂ ಅವಳೇ ಮುಂದಾದಳು. ನೋಡಿ, ಎಷ್ಟಾದರೂ ನನ್ನ ಪಕ್ಷವೇ. ಒಂದ್ಸಲ ಬುಡಿ ಅಂದರೆ ಭಾನುವಾರದ ಬಾಡಿನ ಸಾರಲ್ಲಿ ಒಂದು ತುಂಡು ಕಟ್. ಸೋಮವಾರವೇ ಮಿರ್ಲೆ ಕಡೆಯ ಗಿರಾಕಿಯೊಬ್ಬ ಬಂದ. “ಅಣ್ಣಾ, ನೀನು ಸುತ್ತಿದ ಮೋಟರು ಆರು ವರ್ಸ ಆಯ್ತು, ಇನ್ನೂ ಒಂದ್ಸಲ ಕೆಮ್ಮಿಲ್ಲ ಕಣಣ್ಣ,” ಅಂದ.

“ಅಯ್ಯೋ ಬುಡ್ಲಾ,” ಅಂದೆ.

“ಒಂದು ತುಂಡು ಓಯ್ತು!” ಅಂತ ಒಳಗಿಂದ ಕೂಗು ಬಂತು.

ಹೊಗಳಿದರೆ ಸಾಕು, ಆ ಮಾತು ತಾನಾಗೇ ಬರೋದು ಅಂತ ಅವತ್ತು ಗೊತ್ತಾಯ್ತು. ಆ ವಾರ ಊರಿನವರಿಗೆಲ್ಲ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಡ್ತು. ಭಾನುವಾರ ಮುದ್ದೆ ಜೊತೆ ಬರೀ ಸಾರು ಉಂಡೆ.

5. ಬುಡಿ ಅಂದರೆ ಏನು?

ಮೂರನೇದು ಗೋವಾದಲ್ಲಿ. ಎರಡು ದಿನ ತುಟಿ ಬಿಚ್ಚಲಿಲ್ಲ. ಒಳ್ಳೇ ಎಲೆ ಬಂದಾಗೆಲ್ಲ ಮುದ್ದೆ, ಬರೀ ಸಾರು ನೆನೆಸ್ಕೊಂಡೆ. ಏನಾಶ್ಚರ್ಯ ಅಂತೀರಿ! ನನಗಿಂತ ಗಟ್ಟಿಗರು ಒಬ್ಬೊಬ್ಬರಾಗಿ ಎದ್ದು ಹೋದರು, ಇನ್ನೂರು ಚಿಲ್ಲರೆ ಜನದಲ್ಲಿ ಹತ್ತು ಜನ ಉಳಿದೆವು. ಎರಡು ಮೇಜು, ಮೇಜಿಗೆ ಐದು ಜನ. ಇನ್ನೊಬ್ಬರು ಎದ್ದರೆ ಉಳಿದ ಒಂಬತ್ತು ಜನ ಕೊನೇ ಮೇಜಿಗೆ. ನಾನು ಮಾಡಬೇಕಾದ ಕೆಲಸ ಒಂದೇ, ನಾನು ಏಳದೆ ಇರೋದು.

ಆಗ ಬಂತು ಎರಡು ರಾಜ. ಅದಕ್ಕಿಂತ ಮೇಲಿನ ಜೋಡಿ ಅಂದರೆ ಎರಡು ಎಕ್ಕ ಒಂದೇ. ಎದುರಿಗೆ ದೆಹಲಿ ಕಡೆಯ ಗಡ್ಡದ ಸಾಹೇಬರು. ತಮ್ಮ ಬಿಲ್ಲೆ ರಾಶಿಯನ್ನೆಲ್ಲ ಮುಂದಕ್ಕೆ ನೂಕಿಬಿಟ್ಟರು. ಅದು ನನ್ನ ರಾಶಿಯ ಎರಡರಷ್ಟಿತ್ತು. ಆಡಿ ಸೋತರೆ ನಾನು ಸೀದಾ ಮನೆಗೆ. ಆದರೆ ಕೈಲಿರೋದು ರಾಜರು, ಬಿಡೋರು ಯಾರು? ಆಡ್ತೀನಿ ಅನ್ನೋಕೆ ಬಾಯಿ ತೆಗೆದೆ.

ಅಷ್ಟರಲ್ಲಿ ಆ ಪುಣ್ಯಾತ್ಮರು ನನ್ನ ಕಡೆ ನೋಡಿ ನಕ್ಕು ಇಂಗ್ಲಿಷಲ್ಲಿ, ಎರಡು ದಿನದಿಂದ ನೋಡ್ತಿದೀನಿ, ಏನು ಚೆಂದದ ಆಟ ಸರ್ ನಿಮ್ಮದು ಅಂದರು.

“ಅಯ್ಯೋ ಬುಡಿ ಸಾ!” ಅಂದೆ.

ಕಣ್ಣು ಮುಚ್ಚಿ ತೆರೆಯೋದರಲ್ಲಿ ನನ್ನ ಎರಡು ರಾಜ ಮಾಯ. ಎಲೆ ಹಂಚುತ್ತಿದ್ದ ಹೆಣ್ಣುಮಗಳು ಎಳೆದುಕೊಂಡು ಬೋರಲು ಹಾಕಿದ್ದಳು.

“ಏ ಅವ್ವಾ, ನನ್ನೆಲೆ!”

“ಬುಡಿ ಅಂದ್ರಲ್ಲಾ ಸಾ,” ಅಂದಳು. ನೋಡಿದರೆ ನಮ್ಮ ಕೆ.ಆರ್. ನಗರದವಳು! ಇಡೀ ಗೋವಾದಲ್ಲಿ ಆ ಮಾತು ಅರ್ಥ ಆಗೋಳು ಒಬ್ಬಳೇ ಇದ್ದಳು, ಅವಳು ನನ್ನ ಮೇಜಿಗೇ ಬಂದು ಕೂತಿದ್ದಳು.

“ಬುಡಿ ಅಂದ್ರೆ ಬುಡಿ ಅಂತಲ್ಲ ಕಣವ್ವಾ!”

ಕೋಟು ಹಾಕಿದ ಮ್ಯಾನೇಜರ್ ಬಂದರು. ಆ ಮಾತಿನ ಅರ್ಥ ಏನು ಅಂತ ವಿಚಾರಣೆ ಶುರುವಾಯ್ತು. ಬಿಟ್ಟುಬಿಡಿ ಅಂತ ಅರ್ಥ ಸರ್ ಅಂದಳು ಅವಳು. ನಾನು ಬಂದಷ್ಟು ಇಂಗ್ಲಿಷಲ್ಲಿ, ಥ್ಯಾಂಕ್ಸ್ ಅಂತಾನೂ ಹೌದು, ಪರವಾಗಿಲ್ಲ ಅಂತಾನೂ ಹೌದು, ಸುಳ್ಳು ಹೇಳಬೇಡಿ ಅಂತಾನೂ ಹೌದು ಅಂದೆ. ಹೌದಾ ಅಂತ ಅವಳನ್ನ ಕೇಳಿದರು. “ಅದೂ ಹೌದು ಸರ್,” ಅಂತ ಪಾಪ ಒಪ್ಪಿಕೊಂಡಳು.

ಮ್ಯಾನೇಜರ್ ಗಲ್ಲ ಕೆರೆದುಕೊಂಡು ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು. ‘ನಾನು ಆಡ್ತೀನಿ’ ಅಂತ ಆ ಮಾತಿಗೆ ಯಾವತ್ತಾದರೂ ಅರ್ಥ ಬರುತ್ತಾ?

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲಾ ಮನಸ್ಸಲ್ಲೇ ಸುತ್ತಿ ಬಂದೆ. ಎಲ್ಲೂ ಸಿಗಲಿಲ್ಲ.

“ಇಲ್ಲ,” ಅಂದೆವು ಇಬ್ಬರೂ.

“ಫೋಲ್ಡ್,” ಅಂದರು ಮ್ಯಾನೇಜರ್.

ಕಣ್ಣಲ್ಲಿ ನೀರು ಬಂತು. ನನ್ನ ಮುಖ ನೋಡಿ ಆ ಗಡ್ಡದ ಸಾಹೇಬರಿಗೇ ಅಯ್ಯೋ ಅನ್ನಿಸಿರಬೇಕು, ತಮ್ಮ ಎರಡು ಎಲೆ ಮಗುಚಿ ತೋರಿಸಿದರು.

ಎರಡು ಎಕ್ಕ!

ಆಡಿದ್ದರೆ ನಾನು ಆಗಲೇ ಬ್ಯಾಗ್ ಎತ್ಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡಬೇಕಿತ್ತು. ಜಾಣೆ ಹುಡುಗಿ ಕಂಡುಹಿಡಿದಿದ್ದ ಮಾತು, ಹೆಂಡತಿ ತುಂಡು ಕಟ್ ಮಾಡಿ ಬಿಡಿಸೋಕೆ ನೋಡಿದ್ದ ಮಾತು ಅದು. ಅದೇ ಬಂದು ನನ್ನ ಪ್ರಾಣ ಕಾಪಾಡಿತ್ತು. ಕೆ.ಆರ್. ನಗರದ ಆ ತಾಯಿಗೆ ಅಲ್ಲೇ ಕೈ ಮುಗಿದೆ. ಅಷ್ಟರಲ್ಲಿ ಆಚೆ ಮೇಜಲ್ಲಿ ಚಪ್ಪಾಳೆ. ಅಲ್ಲೊಬ್ಬರು ಔಟ್! ಉಳಿದವರು ಒಂಬತ್ತು.

ಹತ್ತು ನಿಮಿಷ ಬಿಡುವು ಕೊಟ್ಟರು. ವರಾಂಡಕ್ಕೆ ಓಡಿದೆ. ಅಲ್ಲಿ ಆಯಮ್ಮನೂ ಟೀ ಕುಡೀತಾ ನಿಂತಿದ್ದಳು. ಸರಿಯಾಗಿ ಕೇಳಲಿ ಅಂತ ಫೋನು ಸ್ಪೀಕರಿಗೆ ಹಾಕಿದೆ.

“ಲೇ ಇವಳೇ, ಕೊನೇ ಮೇಜಿಗೆ ಬಂದುಬುಟ್ಟೆ ಕಣೇ!”

ಆ ಕಡೆಯಿಂದ ನಗುವೋ ಅಳುವೋ ಗೊತ್ತಾಗದ ದನೀಲಿ ನಮ್ಮನೆಯವಳು, “ಅಯ್ಯೋ ಬುಡಿ!” ಅಂದಳು.

ಕೆ.ಆರ್. ನಗರದವಳು ಟೀ ಲೋಟ ಕೆಳಗಿಟ್ಟು ತಲೆ ಅಲ್ಲಾಡಿಸಿದಳು.

“ರೂಲ್ ಅಂದ್ರೆ ರೂಲೇ ಸಾ. ಅಕ್ಕ ಫೋಲ್ಡು.”