ಮೇಷ್ಟ್ರು ಕಟ್ಟಿದ ಹಸಿರು ಮರೆ

ಸಿದ್ದರಾಮು ಮೇಷ್ಟ್ರ ಮಾನ ಹರಾಜಾದದ್ದು ಪಾತ್ರೆ ತೊಳೆಯುವ ಜಾಗದಲ್ಲಿ. ಗುತ್ತಲಿನ ಅವರ ಹಿತ್ತಲಿಗೂ ಪಕ್ಕದ ಮಂಚಮ್ಮನ ಜಗುಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಗೋಡೆ. ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ನಡುಗಿಸುವ ಡ್ರಿಲ್ ಮೇಷ್ಟ್ರು ಮನೆಯಲ್ಲಿ ಕುಕ್ಕರು ಉಜ್ಜುವುದನ್ನು ಮಂಚಮ್ಮ ದಿನವೂ ನೋಡುತ್ತಿದ್ದಳು. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ. ಮೇಷ್ಟ್ರ ಮಗಳು ನಾಗಶ್ರೀಯನ್ನು ನೋಡಲು ದುದ್ದದಿಂದ ಬಂದವರಿಗೆ, "ಆ ಮನೇಲಿ ಮುಸುರೆಯೆಲ್ಲ ಯಜಮಾನ್ರುದೇ ಕಣಪ್ಪ" ಎಂದುಬಿಟ್ಟಳು. ಗಂಡಿನ ತಾಯಿಗೆ ತನ್ನ ಮಗನ ಮುಂದಿನ ಗತಿ ಕಣ್ಣಿಗೆ ಕಟ್ಟಿತು. ಹೊರಟವರು ಮತ್ತೆ ಬರಲಿಲ್ಲ.

ಮೇಷ್ಟ್ರು ಮದ್ದೂರಿನ ನರ್ಸರಿಗೆ ಹೋಗಿ ಬ್ರೊಮೀಲಿಯಾಡ್ ಗಿಡಗಳನ್ನು ಹೊತ್ತು ತಂದರು. ಅನಾನಸ್ಸಿನ ಜಾತಿಯವು, ಗರಗಸದ ಅಂಚಿನ ಉದ್ದ ಎಲೆ, ನಡುವೆ ನೀರು ನಿಲ್ಲುವ ಬಟ್ಟಲಿನಂಥ ಸುಳಿ. ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಜೋಡಿಸಿದರು. ವರ್ಷ ತಿರುಗುವಷ್ಟರಲ್ಲಿ ಎಲೆಗೆ ಎಲೆ ಸೇರಿ, ಮಂಚಮ್ಮನಿಗೆ ಹಸಿರು ಬಿಟ್ಟರೆ ಬೇರೇನೂ ಕಾಣದಂತಾಯಿತು. ಮೇಷ್ಟ್ರು ನೆಮ್ಮದಿಯಾಗಿ ಪಾತ್ರೆ ಉಜ್ಜಿದರು.

ಈ ಭಾನುವಾರ ಹಲಗೂರಿನ ದೇವಯ್ಯನವರು ಮಗ ಅಶೋಕನನ್ನು ಕರೆದುಕೊಂಡು ಬರುವವರಿದ್ದರು. ಹುಡುಗ ದನದ ಡಾಕ್ಟರು. ನಾಗಶ್ರೀ ಫೋನಿನಲ್ಲಿ ಮಾತಾಡಿ, ಆಗಲೇ ಮನಸ್ಸು ಕೊಟ್ಟುಬಿಟ್ಟಿದ್ದಳು. ಈ ಸಂಬಂಧವೂ ತಪ್ಪಿದರೆ ಮಗಳಿಗೆ ಹೇಗೆ ಮುಖ ತೋರಿಸಲಿ ಎಂದು ಮೇಷ್ಟ್ರು ಬೆಳಗಿನಿಂದ ಹಿತ್ತಲಿಗೂ ಬಾಗಿಲಿಗೂ ಓಡಾಡುತ್ತಿದ್ದರು.

"ಏನ್ ಮೇಷ್ಟ್ರೇ, ಕೇಸರಿಬಾತ್ ಗಮಲು? ನೆಂಟ್ರು ಬತ್ತಾವ್ರಾ?" ಎಲೆಗಳ ಆಚೆಯಿಂದ ಮಂಚಮ್ಮನ ದನಿ.

"ಯಾರೂ ಇಲ್ಲ ಕಣಕ್ಕ. ಸುಮ್ನೆ ಬಾಯಿ ಚಪಲ."

"ಅಂಗಾರೆ ಒಸಿ ಈ ಕಡೀಕೂ ಕೊಡಿ."

ಹೆಂಡತಿ ವನಜಾ ಅಡುಗೆಮನೆಯಿಂದಲೇ ಕಣ್ಣು ಕೆಕ್ಕರಿಸಿದಳು. ಮೇಷ್ಟ್ರು ಸಂದಿ ಕಂಡಲ್ಲೆಲ್ಲ ಇನ್ನಷ್ಟು ಕುಂಡ ತುರುಕಿದರು.

ಸ್ವಲ್ಪ ಹೊತ್ತಿಗೆ ಕಾರು ಬಂತು. ನಿಂತದ್ದು ಮಾತ್ರ ಮಂಚಮ್ಮನ ಬಾಗಿಲಲ್ಲಿ.

ಹೆಣ್ಣಿನ ಮನೆಗೆ ಕಾಲಿಡುವ ಮುಂಚೆ ಪಕ್ಕದ ಮನೆಯಲ್ಲಿ ವಿಚಾರಿಸದೆ ಯಾರು ಬಿಡುತ್ತಾರೆ? ಮೇಷ್ಟ್ರು ಓಡಿಹೋಗಿ ಎಲೆಗಳ ನಡುವೆ ಇಣುಕಿದರು. ಮೂಗು ಗೀಚಿತೇ ಹೊರತು ಏನೂ ಕಾಣಲಿಲ್ಲ. ಕಿವಿಯೊಡ್ಡಿದರು.

"ಒಳ್ಳೇರೋ ಕೆಟ್ಟೋರೋ ನಾನೆಂಗ್ ಏಳ್ಲಪ್ಪ?" ಎನ್ನುತ್ತಿದ್ದಳು ಮಂಚಮ್ಮ. "ಮೊದ್ಲೆಲ್ಲ ಕಾಣೋರು. ಈಗ ಗಿಡ ಅಡ್ಡ ಮಡೀಕಂಡವ್ರೆ. ಕಾಣದ್ದ ಏಳಿ ಸುಳ್ಳಿ ಅನ್ನುಸ್ಕಳಾಕಾಯ್ತದಾ?"

"ಯಾಕ್ ಅಡ್ಡ ಮಡೀಕಂಡ್ರು?" ದೇವಯ್ಯನವರ ದನಿ.

"ಅದ್ನ ಅವ್ರನ್ನೇ ಕೇಳ್ಬೇಕು."

"ಓಹೋ!" ಎಂದರು ದೇವಯ್ಯ, ಉದ್ದಕ್ಕೆ ಎಳೆದು.

ಮುಸುರೆ ತಿಕ್ಕುತ್ತಾನೆ ಅಂದರೂ ಅನ್ನಲಿ ಮಾರಾಯ್ತಿ, ಗೊತ್ತಿಲ್ಲ ಅನ್ನಬಾರದು! ಮೇಷ್ಟ್ರು ಮರೆ ಸರಿಸಿಬಿಡೋಣವೆಂದು ನಡುವಿನ ಕುಂಡ ಹಿಡಿದೆಳೆದರು. ಸ್ಟ್ಯಾಂಡು ವಾಲಿತು. ಗಿಡಗಳೆಲ್ಲ ದಬದಬನೆ ಉರುಳಿ, ಸುಳಿಗಳಲ್ಲಿ ಕೊಳೆತು ನಿಂತಿದ್ದ ನೀರು ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸುರಿಯಿತು. ಗೋಡೆಯಾಚೆ ಕಾಫಿ ಲೋಟ ಹಿಡಿದ ದೇವಯ್ಯ, ಬಾಯಿ ತೆರೆದ ಅಶೋಕ ಇಬ್ಬರೂ ನಿಚ್ಚಳವಾಗಿ ಕಂಡರು.

"ನಮಸ್ಕಾರ. ನಮ್ಮನೇಲಿ ಮುಚ್ಚಿಡೋದು ಏನೂ ಇಲ್ಲ ನೋಡಿ" ಎಂದರು ಮೇಷ್ಟ್ರು, ಕೆನ್ನೆಯ ಮೇಲಿನ ಸೊಳ್ಳೆಮರಿ ಒರೆಸಿಕೊಳ್ಳುತ್ತ.

"ಇವ್ರೇ ಕಣಪ್ಪ" ಎಂದಳು ಮಂಚಮ್ಮ. "ಒಸಿ ಸೊರಗವ್ರೆ."

ಕೇಸರಿಬಾತ್ ಮುಗಿಯಿತು. ದೇವಯ್ಯ ಕೈ ತೊಳೆದು ಬಂದು ಕೂತರು.

"ಮಗಿನ ಬಗ್ಗೆ ನಮ್ದೇನೂ ತಕರಾರಿಲ್ಲ. ಅವ್ಳ ಆಫೀಸ್ನಾಗೆ ಕೇಳ್ಕಂಡೇ ಬಂದಿವ್ನಿ. ಅನ್ಮಾನ ಇರೋದು ನಿಮ್ ಮ್ಯಾಲೆ ಮೇಷ್ಟ್ರೇ. ಮರೆ ಕಟ್ಕಂಡು ಬದುಕೋ ಬೀಗ್ರು ಏನ್ ಮಾಡ್ತಾರೋ ಯಾರಿಗ್ ಗೊತ್ತು?"

ನಾಗಶ್ರೀಯ ಕಣ್ಣು ತುಂಬಿ ಬಂತು. ಮೇಷ್ಟ್ರು ಕೈ ಜೋಡಿಸಿದರು. "ನೀವು ಏನ್ ಹೇಳಿದ್ರೂ ಮಾಡ್ತೀನಿ."

"ಅಂಗಾರೆ ಯುಗಾದಿಗಂಟ ಗಿಡ ಮಡಗಬ್ಯಾಡಿ. ಮಂಚಮ್ಮೋರು ನಿಮ್ಮನ್ನ ನೋಡ್ಕತಾ ಇರ್ಲಿ. ಕಾಣದ್ದ ಏಳೋ ಎಂಗ್ಸಲ್ಲ ಅದು. ಅವ್ರು ಊಂ ಅಂದ್ ದಿನ ಲಗ್ನಪತ್ರ."

"ಒಪ್ಕೊಳ್ಳಿ ಅಪ್ಪಾ" ಎಂದು ನಾಗಶ್ರೀ ಪಿಸುಗುಟ್ಟಿದಳು. ಮೇಷ್ಟ್ರು ಒಪ್ಪಿಕೊಂಡರು.

ಕಾರು ಹೊರಟಿತು. ಮೇಷ್ಟ್ರು ಒಡೆದ ಕುಂಡ ಗುಡಿಸಲು ಹಿತ್ತಲಿಗೆ ಬಂದರೆ, ಮಂಚಮ್ಮ ಗೋಡೆಗೊತ್ತಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ ಕೂತಾಗಿತ್ತು.

"ಒಸಿ ಬೆಳಕಿಗ್ ಬನ್ನಿ ಮೇಷ್ಟ್ರೇ" ಎಂದಳು. "ಅಲ್ಲಿ ಸರ್ಯಾಗ್ ಕಾಣಾಕಿಲ್ಲ."