ನನ್ನ ಆನ್‌ಲೈನ್ ದಿನಚರಿಗೆ ಬಂದ ತಕರಾರುಗಳು

ಒಂದು ಕನ್ನಡ ಜಾಲತಾಣದಲ್ಲಿ ನಾಲ್ಕು ವರ್ಷದಿಂದ ದಿನಚರಿ ಬರೀತಿದ್ದೀನಿ. ನಂದು ದನದ ಆಸ್ಪತ್ರೆ ಕೆಲಸ. ಚನ್ನಗಿರಿ, ನ್ಯಾಮತಿ, ಈಗ ಹೊನ್ನಾಳಿ ಅಂತ ತಿರುಗಾಟ. ಕಂಡಿದ್ದು ಬರೀತೀನಿ, ಯಾರ ಹೆಸರೂ ಹಾಕಲ್ಲ. ಆದರೂ ತಿಂಗಳಿಗೊಬ್ಬರಾದರೂ ಬಂದು "ಅದು ನಾವೇ ಅಲ್ವೇನ್ರೀ?" ಅಂತ ನಿಲ್ಲೋದು ತಪ್ಪಿಲ್ಲ. ಅದಕ್ಕೇ, ಮಗಳಿಗೆ ಜಗಳೂರಿನ ಸಂಬಂಧ ಕುದುರೋ ಹೊತ್ತಿಗೆ ನನ್ನಾಕೆ ಅಪ್ಪಣೆ ಮಾಡಿದಳು: "ನಿಶ್ಚಿತಾರ್ಥ ಆಗೋ ತನಕ ಒಂದಕ್ಷರ ಬರೀಬೇಡ್ರಿ. ಕೆಡಿಸಿಬಿಡ್ತೀರಿ." ಅವಳು ಹಂಗೆ ಅನ್ನಾಕೆ ಕಾರಣ ಇತ್ತು.

೧. ಉಬ್ರಾಣಿ ಕಡೆಯ ಎಮ್ಮೆ

ಇಂಜೆಕ್ಷನ್ ಕೊಡಾಕೆ ಹೋದವನನ್ನ ಎಮ್ಮೆಯೊಂದು ಎಡಗಾಲಲ್ಲಿ ಒದ್ದು ತಿಪ್ಪೆಗೆ ಹಾಕಿದ್ದನ್ನ ಬರೆದಿದ್ದೆ. ವಾರದಲ್ಲೇ ಎಮ್ಮೆಯೊಡತಿ ಅಜ್ಜಿ ಆಸ್ಪತ್ರೆಗೆ ಹಾಜರ್.

"ಸೊಸೆ ಫೋನಲ್ಲಿ ಓದಿ ಹೇಳಿದ್ಲು. ನಾಳೆ ಮಾರಾಕೆ ಹೋದ್ರೆ ಅದನ್ನ ಯಾರು ತಗಂತಾರೆ ಸಾಹೇಬ್ರೆ?"

"ಊರಿನ ಹೆಸರೇ ಹಾಕಿಲ್ಲಲ್ಲ ಅಜ್ಜಿ!"

"ಹೆಸರು ಯಾಕೆ ಬೇಕು? ಎಡಗಾಲಲ್ಲಿ ಒದ್ದು ಸೀದಾ ತಿಪ್ಪೆಗೆ ಹಾಕೋದು ಈ ಸೀಮೇಲಿ ನಮ್ಮದೊಂದೇ!" ಅಂದಳು. ಸಿಟ್ಟಿಗಿಂತ ಹೆಮ್ಮೆನೇ ಜಾಸ್ತಿ ಇತ್ತು.

೨. ಸಾಸ್ವೆಹಳ್ಳಿ ಅತ್ತೆ

ಒಂದಿನ ‘ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು’ ಅಂತ ಬರೆದೆ. ಮಾರನೇ ದಿನ ಮೊದಲನೇ ಬಸ್ಸಿಗೇ ಅತ್ತೆ ಬಂದಿಳಿದರು. "ಅಳಿಯಂದ್ರಿಗೆ ಊಟಕ್ಕೆ ತ್ರಾಸಾಗೈತಂತೆ. ಮಗಳಿಗೆ ಕಲಿಸಾಕೆ ಬಂದೀನಿ."

ವಾರ ಇದ್ದು ಬ್ಯಾಗು ಕಟ್ಟಿದರು. ಪಾಪ, ಇಷ್ಟೆಲ್ಲ ಮಾಡಿದಾರೆ ಅಂತ ನಾನು ‘ಅತ್ತೆ ಕೈರುಚಿಗೆ ಸಾಟಿಯಿಲ್ಲ’ ಅಂತ ಬರೆದೆ. ಯಾರೋ ಅದನ್ನೂ ಅವರಿಗೆ ಓದಿ ಹೇಳಿದರು. ಕಟ್ಟಿದ ಬ್ಯಾಗು ಬಿಚ್ಚಿ ಇನ್ನೊಂದು ತಿಂಗಳು ಇದ್ದರು. ಆ ತಿಂಗಳು ನನ್ನಾಕೆ ನನ್ನ ಜೊತೆ ಮಾತಾಡಲಿಲ್ಲ.

೩. ಜಗಳೂರಿನ ಬೀಗರು

ಇಷ್ಟಾದರೂ ಕೈ ಸುಮ್ಮನಿರಬೇಕಲ್ಲ! ಬೀಗರಾಗೋರು ಹೆಣ್ಣು ನೋಡಾಕೆ ಬಂದುಹೋದ ದಿನ ಬರೆದೇಬಿಟ್ಟೆ: ‘ಹುಡುಗನ ತಂದೆ ಮಂಡಕ್ಕಿ ಜೊತೆ ಒಂಬತ್ತು ಮಿರ್ಚಿ ತಿಂದರು.’

ಮೂರನೇ ದಿನ ಅವರದೇ ಫೋನು. ಗಾಬರೀಲಿ ಸ್ಪೀಕರ್ ಬೇರೆ ಒತ್ತಿಬಿಟ್ಟೆ.

"ನೀವು ಬರ್ದಿದ್ದು ಮನೆಮಂದಿಯೆಲ್ಲ ಕೂತು ಓದಿದ್ವಿ."

ಎದುರಿಗೆ ನನ್ನಾಕೆ ಕಣ್ಣಲ್ಲೇ ಸುಡ್ತಿದ್ದಾಳೆ. ಹುಡುಗನ್ನ ಮೆಚ್ಚಿದ್ದ ಮಗಳು ಅಳೋ ಹಂಗಾಗಿದ್ದಾಳೆ.

"ತಪ್ಪಾತು ಬೀಗ್ರೆ, ಈಗಲೇ ಅಳಿಸಿಬಿಡ್ತೀನಿ."

"ಅಯ್ಯೋ, ಅಳಿಸಬೇಡ್ರಿ, ಸೇರಿಸ್ರಿ! ನಮ್ಮಣ್ಣಾರು ಮುನಿಸ್ಕೊಂಡು ಊಟ ಬಿಟ್ಟು ಕೂತಾರೆ. ಲಗ್ನಪತ್ರಿಕೇಲಿ ಹಿರಿಯರನ್ನ ಬಿಟ್ಟು ಕಿರಿಯರ ಹೆಸರು ಹಾಕಿದಂಗಾತು ಅಂತಾರೆ. ಅವರು ಅವತ್ತು ಹದಿಮೂರು ತಿಂದಿದ್ರು. ಮೊದ್ಲು ಅವರದು ಹಾಕ್ರಿ, ಕೆಳಗೆ ನಂದು. ಇಲ್ಲಾಂದ್ರೆ ನಿಶ್ಚಿತಾರ್ಥಕ್ಕೆ ಬರಲ್ವಂತೆ!"

ನಾನು ಫೋನ್ ಇಟ್ಟೆನೋ ಇಲ್ಲವೋ, ಒಂದಕ್ಷರ ಬರೀಬೇಡಿ ಅಂದಿದ್ದ ನನ್ನಾಕೆ ಅದೇ ಫೋನ್ ಎತ್ತಿ ನನ್ನ ಕೈಗೇ ತುರುಕಿದಳು.

"ಬರೀರಿ ಬೇಗ! ಹದಿಮೂರು ಯಾಕೆ, ಹದಿನೈದು ಅಂತಾನೇ ಬರೀರಿ!"